ಚುಕ್ಕೆ ಕಾಳಿನ ಒಗಟು ಬಿಡಿಸಿದ ಬಾರ್ಬರಾ ಮೆಕ್ಲಿಂಟಾಕ್

ದಾವಣಗೆರೆ, ಹಾವೇರಿ ಸೀಮೆಯ ಹೊಲಗಳಲ್ಲಿ ಬೆಳೆಯುವ ಹಳದಿ ಮೆಕ್ಕೆಜೋಳವನ್ನಷ್ಟೇ ಕಂಡವರಿಗೆ, ಆ ಬೆಳೆಯ ತವರಾದ ಅಮೆರಿಕ ಖಂಡದ ಹಳೆಯ ತಳಿಗಳ ತೆನೆಗಳು ಅಚ್ಚರಿ ಹುಟ್ಟಿಸುತ್ತವೆ. ಅಲ್ಲಿ ಒಂದೇ ತೆನೆಯಲ್ಲಿ ನೇರಳೆ, ಕೆಂಪು, ಬಿಳಿ ಕಾಳುಗಳು ಸಾಲುಗೂಡಿರುವುದುಂಟು. ಕೆಲವು ಬಿಳಿ ಕಾಳುಗಳ ಮೇಲೆ ಶಾಯಿ ಚಿಮುಕಿಸಿದಂತೆ ನೇರಳೆ ಚುಕ್ಕೆಗಳೂ ಇರುತ್ತವೆ. ನೋಡಿದವರು ಚೆಂದವೆಂದು ಹೇಳಿ ಮುಂದೆ ಸಾಗುವ ಈ ಚುಕ್ಕೆಗಳು ಏಕೆ ಉಂಟಾಗುತ್ತವೆ ಎಂಬ ಪ್ರಶ್ನೆಯ ಬೆನ್ನು ಹತ್ತಿ, ವಂಶವಾಹಿಗಳ ಕುರಿತ ತಿಳಿವಳಿಕೆಯನ್ನೇ ಬದಲಿಸಿದವರು ಅಮೆರಿಕದ ಸಸ್ಯವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್.

1940ರ ದಶಕದಲ್ಲಿ ಅವರು ಮಾಡಿದ ಸಂಶೋಧನೆಗೆ ನೊಬೆಲ್ ಪ್ರಶಸ್ತಿ ಬಂದದ್ದು 1983ರಲ್ಲಿ. ಆಗ ಅವರಿಗೆ 81 ವರ್ಷ. ಕಾಲಕ್ಕಿಂತ ಮುಂದಿದ್ದ ಮಹಿಳೆಯನ್ನು ಜಗತ್ತು ಮೂರು ದಶಕಗಳ ಕಾಲ ಕಡೆಗಣಿಸಿ ಕೊನೆಗೆ ತಪ್ಪು ತಿದ್ದಿಕೊಂಡಿತು ಎಂಬ ಕಥೆ ಅಂದಿನಿಂದ ಜನಜನಿತವಾಗಿದೆ. ಅದರಲ್ಲಿ ಸತ್ಯಾಂಶವಿದೆ, ಆದರೆ ಅದು ಪೂರ್ಣ ಸತ್ಯವಲ್ಲ. ಲೋಕ ಗೌರವಿಸಿದ್ದು ಅವರ ವಿಚಾರದ ಅರ್ಧಭಾಗವನ್ನು ಮಾತ್ರ. ಅವರಿಗೆ ಹೆಚ್ಚು ಮುಖ್ಯವೆನಿಸಿದ್ದ ಇನ್ನರ್ಧ, ಪ್ರಶಸ್ತಿ ಬಂದ ದಿನವೂ ಪ್ರಶ್ನೆಯಾಗಿಯೇ ಉಳಿದಿತ್ತು.

ಬಾಲ್ಯ ಮತ್ತು ವ್ಯಾಸಂಗ

ಬಾರ್ಬರಾ ಜನಿಸಿದ್ದು 1902ರ ಜೂನ್ 16ರಂದು, ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ. ತಂದೆ ಥಾಮಸ್ ಮೆಕ್ಲಿಂಟಾಕ್ ಹೋಮಿಯೋಪಥಿ ವೈದ್ಯರು, ತಾಯಿ ಸಾರಾ. ಮೊದಲು ಇಟ್ಟ ಹೆಸರು ಎಲಿನರ್. ಆ ಮೃದುವಾದ ಹೆಸರು ಮಗುವಿನ ಸ್ವಭಾವಕ್ಕೆ ಹೊಂದುವುದಿಲ್ಲವೆಂದು ಹೆತ್ತವರೇ ಅದನ್ನು ಬಾರ್ಬರಾ ಎಂದು ಬದಲಿಸಿದರು. 1908ರಲ್ಲಿ ಕುಟುಂಬ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ಗೆ ಬಂದು ನೆಲೆಸಿತು.

ಪ್ರೌಢಶಾಲೆ ಮುಗಿದಾಗ ಕಾಲೇಜು ಸೇರುವ ಆಸೆಗೆ ತಾಯಿಯೇ ಅಡ್ಡ ನಿಂತರು. ಹೆಚ್ಚು ಓದಿದ ಹೆಣ್ಣಿಗೆ ಗಂಡು ಸಿಗುವುದು ಕಷ್ಟ ಎಂಬ ಚಿಂತೆ ಅಂದಿನ ಅಮೆರಿಕದ ತಾಯಂದಿರಿಗೂ ಇತ್ತು. ಮೊದಲ ಮಹಾಯುದ್ಧದ ಸೇನಾ ವೈದ್ಯಕೀಯ ಸೇವೆ ಮುಗಿಸಿ ಮರಳಿದ ತಂದೆ ಮಗಳ ಪರ ನಿಂತರು. 1919ರಲ್ಲಿ ಅವರು ಕಾರ್ನೆಲ್ ವಿಶ್ವವಿದ್ಯಾಲಯದ ಕೃಷಿ ಕಾಲೇಜಿಗೆ ಸೇರಿದರು. ಅಲ್ಲಿ ಜಾಝ್ ವಾದ್ಯವೃಂದದಲ್ಲಿ ಬ್ಯಾಂಜೊ ನುಡಿಸಿದ್ದೂ ಉಂಟು. 1923ರಲ್ಲಿ ಪದವಿ, 1925ರಲ್ಲಿ ಸ್ನಾತಕೋತ್ತರ ಪದವಿ, 1927ರಲ್ಲಿ ಸಸ್ಯವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು.

ವರ್ಣತಂತುಗಳಿಗೆ ಗುರುತು

ಜೀವಕೋಶದ ಕೇಂದ್ರದಲ್ಲಿರುವ ವರ್ಣತಂತುಗಳ ಮೇಲೆ ಜೀನುಗಳು ಕುಳಿತಿರುತ್ತವೆ ಎಂಬ ವಿಚಾರ ಆ ವೇಳೆಗೆ ರೂಪುಗೊಂಡಿತ್ತು. ಅದನ್ನು ಬಹುಪಾಲು ಹಣ್ಣಿನ ನೊಣದ ಪ್ರಯೋಗಗಳಿಂದ ಊಹಿಸಲಾಗಿತ್ತು. ಮೆಕ್ಲಿಂಟಾಕ್ ಆರಿಸಿಕೊಂಡದ್ದು ಮೆಕ್ಕೆಜೋಳವನ್ನು. ಈ ಸಸ್ಯದಲ್ಲಿ ಗಂಡುಹೂಗಳು ತುದಿಯಲ್ಲೂ ಹೆಣ್ಣುಹೂಗಳು ಕಾಂಡದ ನಡುವೆಯೂ ಬೇರೆ ಬೇರೆಯಾಗಿರುವುದರಿಂದ ಬೇಕಾದ ಗಿಡಕ್ಕೆ ಬೇಕಾದ ಪರಾಗ ಹಾಕುವುದು ಸುಲಭ. ಒಂದೊಂದು ಕಾಳೂ ಒಂದೊಂದು ಸಂತಾನ. ಒಂದು ತೆನೆ ಎಂದರೆ ನೂರಾರು ಒಡಹುಟ್ಟುಗಳ ದೊಡ್ಡ ಸಂಸಾರ. ಅನುವಂಶೀಯತೆಯ ಲೆಕ್ಕ ಕಾಳಿನ ಬಣ್ಣದಲ್ಲೇ ಬರೆದಿರುತ್ತದೆ.

ಜೀವಕೋಶಕ್ಕೆ ಬಣ್ಣ ಹಚ್ಚಿ, ಗಾಜಿನ ಪಟ್ಟಿಗಳ ನಡುವೆ ಹಿತವಾಗಿ ಒತ್ತಿ, ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನವನ್ನು ಅವರು ಮೆಕ್ಕೆಜೋಳಕ್ಕೆ ಹೊಂದಿಸಿಕೊಂಡರು. 1929ರಲ್ಲಿ, ಈ ಸಸ್ಯದ ಹತ್ತು ವರ್ಣತಂತುಗಳನ್ನು ಅವುಗಳ ಉದ್ದ, ಗಂಟು, ಕುತ್ತಿಗೆಗಳ ಆಧಾರದ ಮೇಲೆ ಒಂದೊಂದಾಗಿ ಗುರುತಿಸಿ ಪ್ರಕಟಿಸಿದರು. 1931ರಲ್ಲಿ ಹ್ಯಾರಿಯೆಟ್ ಕ್ರೈಟನ್ ಎಂಬ ವಿದ್ಯಾರ್ಥಿನಿಯೊಂದಿಗೆ ಬರೆದ ಪ್ರಬಂಧ ಇನ್ನೂ ದೊಡ್ಡದು. ತಂದೆತಾಯಿಗಳ ಗುಣಗಳು ಸಂತಾನದಲ್ಲಿ ಅದಲುಬದಲಾಗುವಾಗ ವರ್ಣತಂತುಗಳ ತುಂಡುಗಳೂ ಕಣ್ಣಿಗೆ ಕಾಣುವಂತೆ ಅದಲುಬದಲಾಗುತ್ತವೆ ಎಂದು ಅದು ತೋರಿಸಿಕೊಟ್ಟಿತು. ಜೀನುಗಳ ನೆಲೆ ವರ್ಣತಂತುವೇ ಎಂಬುದಕ್ಕೆ ದೊರೆತ ಗಟ್ಟಿ ಪುರಾವೆಗಳಲ್ಲಿ ಇದೊಂದು. ಜೀನುಗಳು ದಾರದಲ್ಲಿ ಪೋಣಿಸಿದ ಮಣಿಗಳಂತೆ ತಮ್ಮ ತಮ್ಮ ಜಾಗದಲ್ಲಿ ಸ್ಥಿರವಾಗಿರುತ್ತವೆ ಎಂಬ ಚಿತ್ರಕ್ಕೆ ಹೀಗೆ ಅವರೂ ಬಲ ತುಂಬಿದ್ದರು. ಮುಂದೆ ಆ ಚಿತ್ರವನ್ನು ಕದಡಿದವರೂ ಅವರೇ.

ನೆಲೆಯಿಲ್ಲದ ವರ್ಷಗಳು

ಇಷ್ಟೆಲ್ಲ ಸಾಧಿಸಿದರೂ ಕಾಯಂ ಕೆಲಸ ಮಾತ್ರ ಸಿಗಲಿಲ್ಲ. ಪುರುಷ ಸಹಪಾಠಿಗಳು ಪ್ರಾಧ್ಯಾಪಕ ಹುದ್ದೆಗಳಿಗೆ ಹೋಗುತ್ತಿದ್ದಾಗ ಅವರು ಒಂದು ಶಿಷ್ಯವೇತನದಿಂದ ಇನ್ನೊಂದಕ್ಕೆ ಸಾಗಬೇಕಾಯಿತು. 1933ರಲ್ಲಿ ಗುಗ್ಗೆನ್‌ಹೈಮ್ ಶಿಷ್ಯವೇತನದ ಮೇಲೆ ಜರ್ಮನಿಗೆ ಹೋದರು. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವದು; ಯೆಹೂದಿ ವಿಜ್ಞಾನಿಗಳು ದೇಶ ಬಿಡುತ್ತಿದ್ದ ಆ ವಾತಾವರಣದಲ್ಲಿ ನಿಲ್ಲಲಾಗದೆ ಅವಧಿಗೆ ಮುನ್ನವೇ ಮರಳಿದರು. 1936ರಲ್ಲಿ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕಿಯಾದರು.

ಅಲ್ಲಿ ಎಕ್ಸ್‌-ಕಿರಣಗಳಿಂದ ಮುರಿದ ವರ್ಣತಂತುಗಳ ಗತಿಯನ್ನು ಅವರು ಹಿಂಬಾಲಿಸಿದರು. ಮುರಿದ ತುದಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕೋಶ ವಿಭಜನೆಯಾಗುವಾಗ ಎರಡೂ ಕಡೆಗೆ ಎಳೆಯಲ್ಪಟ್ಟು ಮತ್ತೆ ಮುರಿಯುತ್ತವೆ, ಮತ್ತೆ ಅಂಟಿಕೊಳ್ಳುತ್ತವೆ. ಈ ಚಕ್ರವನ್ನು ಅವರು ವಿವರಿಸಿದರು. ವರ್ಣತಂತುವಿನ ಸಹಜ ತುದಿಗಳು ಹೀಗೆ ಅಂಟಿಕೊಳ್ಳುವುದಿಲ್ಲ, ಅವುಗಳಿಗೆ ವಿಶೇಷ ರಕ್ಷಣೆ ಇದೆ ಎಂಬ ಸೂಚನೆಯೂ ಇಲ್ಲಿ ದೊರೆಯಿತು. ಆದರೆ ಅಲ್ಲಿ ತಮಗೆ ಭವಿಷ್ಯವಿಲ್ಲವೆಂದು ಮನಗಂಡು 1941ರಲ್ಲಿ ಮಿಸೌರಿಯನ್ನು ಬಿಟ್ಟರು. ಅದೇ ವರ್ಷಾಂತ್ಯಕ್ಕೆ ನ್ಯೂಯಾರ್ಕ್‌ನ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿದ್ದ ಕಾರ್ನೆಗಿ ಸಂಸ್ಥೆಯ ತಳಿವಿಜ್ಞಾನ ವಿಭಾಗ ಅವರನ್ನು ಕರೆದುಕೊಂಡಿತು. ಪಾಠ ಹೇಳುವ ಹೊರೆಯಿಲ್ಲ. ಒಂದು ಪ್ರಯೋಗಾಲಯ, ಒಂದು ತುಂಡು ಹೊಲ. ಬದುಕಿನ ಉಳಿದ ಅವಧಿಯೆಲ್ಲ ಅವರ ಮುಖ್ಯ ನೆಲೆ ಅದೇ ಆಯಿತು.

ಅವರನ್ನು ಆಗ ಯಾರೂ ಅರಿಯದವರೆಂದು ಭಾವಿಸುವುದು ತಪ್ಪು. 1944ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಮೂರನೆಯ ಮಹಿಳೆ ಅವರು. 1945ರಲ್ಲಿ ಅಲ್ಲಿನ ತಳಿವಿಜ್ಞಾನ ಸಂಘದ ಮೊದಲ ಮಹಿಳಾ ಅಧ್ಯಕ್ಷೆಯಾದರು.

ಚುಕ್ಕೆಗಳ ಹಿಂದಿನ ಲೆಕ್ಕ

ಮಹತ್ವದ ಸಂಶೋಧನೆ ಆರಂಭವಾದದ್ದು 1944ರ ಸುಮಾರಿಗೆ. ಒಂಬತ್ತನೆಯ ವರ್ಣತಂತು ಮುರಿದಿದ್ದ ಗಿಡಗಳ ಸಂತಾನದಲ್ಲಿ, ಎಲೆಗಳ ಮೇಲೂ ಕಾಳುಗಳ ಮೇಲೂ ವಿಚಿತ್ರ ಪಟ್ಟೆ, ಚುಕ್ಕೆಗಳು ಕಂಡವು. ಆ ವರ್ಣತಂತು ಕೆಲವು ಗಿಡಗಳಲ್ಲಿ ಸದಾ ಒಂದೇ ಜಾಗದಲ್ಲಿ ಮುರಿಯುತ್ತಿತ್ತು. ಅಲ್ಲಿದ್ದ ಘಟಕಕ್ಕೆ ಅವರು ಡಿಎಸ್ ಎಂದು ಹೆಸರಿಟ್ಟರು. ಅದು ತಾನಾಗಿ ಏನನ್ನೂ ಮಾಡದು. ಎಸಿ ಎಂಬ ಇನ್ನೊಂದು ಘಟಕ ಜೀವಕೋಶದಲ್ಲಿದ್ದರೆ ಮಾತ್ರ ಚುರುಕಾಗುತ್ತದೆ. 1948ರ ಹೊತ್ತಿಗೆ ಇನ್ನೂ ದೊಡ್ಡ ಸಂಗತಿ ಖಚಿತವಾಯಿತು. ಡಿಎಸ್ ತನ್ನ ಜಾಗ ಬಿಟ್ಟು ವರ್ಣತಂತುವಿನ ಬೇರೊಂದು ಜಾಗಕ್ಕೆ ಹೋಗಿ ಕುಳಿತಿತ್ತು.

ಚುಕ್ಕೆಗಳ ಒಗಟು ಇದರಿಂದ ಬಿಡಿಸಿಕೊಂಡಿತು. ಕಾಳಿಗೆ ನೇರಳೆ ಬಣ್ಣ ಕೊಡುವ ಜೀನಿನೊಳಕ್ಕೆ ಡಿಎಸ್ ಬಂದು ಸೇರಿಕೊಂಡರೆ ಆ ಜೀನು ಕೆಡುತ್ತದೆ, ಕಾಳು ಬಣ್ಣಗೆಡುತ್ತದೆ. ಕಾಳು ಬೆಳೆಯುತ್ತಿರುವಾಗ ಯಾವುದಾದರೂ ಒಂದು ಕೋಶದಲ್ಲಿ ಡಿಎಸ್ ಹೊರಬಿದ್ದರೆ ಜೀನು ಮತ್ತೆ ಸರಿಯಾಗುತ್ತದೆ. ಆ ಕೋಶದಿಂದ ಹುಟ್ಟಿದ ಕೋಶಗಳೆಲ್ಲ ನೇರಳೆಯಾಗುತ್ತವೆ. ಈ ಘಟನೆ ಬೇಗ ನಡೆದರೆ ದೊಡ್ಡ ಮಚ್ಚೆ, ತಡವಾಗಿ ನಡೆದರೆ ಸಣ್ಣ ಚುಕ್ಕೆ. ಚುಕ್ಕೆಯ ಗಾತ್ರವನ್ನು ನೋಡಿಯೇ ಜೀವಕೋಶದೊಳಗೆ ಏನು, ಯಾವಾಗ ನಡೆಯಿತೆಂದು ಹೇಳಬಹುದಾಗಿತ್ತು. ಡಿಎನ್‌ಎ ರಚನೆ ಇನ್ನೂ ತಿಳಿಯದಿದ್ದ ಕಾಲದಲ್ಲಿ, ವರ್ಷಕ್ಕೊಂದೇ ಬೆಳೆ ಬರುವ ಹೊಲದಲ್ಲಿ, ಸೂಕ್ಷ್ಮದರ್ಶಕ ಮತ್ತು ಕಾಳಿನ ಎಣಿಕೆಯ ಬಲದಿಂದ ಅವರು ಈ ತೀರ್ಮಾನಕ್ಕೆ ಬಂದಿದ್ದರು.

ಮೌನ ಮತ್ತು ಅದರ ಕಾರಣ

1950ರಲ್ಲಿ ಈ ವಿಷಯವನ್ನು ಪ್ರಕಟಿಸಿದ ಅವರು 1951ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನ ವಾರ್ಷಿಕ ವಿಚಾರ ಸಂಕಿರಣದಲ್ಲಿ ಮಂಡಿಸಿದರು. ಸಭಿಕರಿಂದ ಬಂದ ಪ್ರತಿಕ್ರಿಯೆ ಬಹುಮಟ್ಟಿಗೆ ಗೊಂದಲ ಮತ್ತು ಮೌನ. 1953ರ ಇನ್ನೊಂದು ಪ್ರಬಂಧಕ್ಕೂ ಹೆಚ್ಚಿನ ಆಸಕ್ತಿ ಕಾಣಲಿಲ್ಲ. ಬಳಿಕ ಅವರು ಈ ವಿಷಯದ ವಿವರಗಳನ್ನು ಬಹುಪಾಲು ಕಾರ್ನೆಗಿ ಸಂಸ್ಥೆಯ ವಾರ್ಷಿಕ ವರದಿಗಳಲ್ಲಷ್ಟೇ ದಾಖಲಿಸುತ್ತ ಹೋದರು.

1983ರಲ್ಲಿ ಪ್ರಕಟವಾದ ಎವೆಲಿನ್ ಫಾಕ್ಸ್ ಕೆಲ್ಲರ್ ಅವರ ಜೀವನಚರಿತ್ರೆ, ಒಂಟಿ ಮಹಿಳಾ ವಿಜ್ಞಾನಿ ಮತ್ತು ಕಿವಿಗೊಡದ ಲೋಕದ ಚಿತ್ರವನ್ನು ಗಾಢವಾಗಿಸಿತು. ಮೆಕ್ಲಿಂಟಾಕ್ ಅವರ ಕಾಗದಪತ್ರಗಳನ್ನು ಶೋಧಿಸಿ 2001ರಲ್ಲಿ ಪುಸ್ತಕ ಬರೆದ ಇತಿಹಾಸಕಾರ ನಥಾನಿಯಲ್ ಕಂಫರ್ಟ್ ಬೇರೆ ಚಿತ್ರ ಕೊಟ್ಟರು. ಅವರ ಪ್ರಕಾರ ಘಟಕಗಳು ಜಾಗ ಬದಲಿಸುತ್ತವೆ ಎಂಬುದನ್ನು ಮೆಕ್ಕೆಜೋಳದ ತಳಿವಿಜ್ಞಾನಿಗಳು ಬೇಗನೆ ಒಪ್ಪಿದ್ದರು. ಅವರಿಗೆ ಒಪ್ಪಿಗೆಯಾಗದಿದ್ದದ್ದು, ಅದರ ಮೇಲೆ ಮೆಕ್ಲಿಂಟಾಕ್ ಕಟ್ಟಿದ ಸಿದ್ಧಾಂತ.

ಆ ಸಿದ್ಧಾಂತ ಹೀಗಿತ್ತು. ಒಂದು ಜೀವಿಯ ಎಲ್ಲ ಕೋಶಗಳಲ್ಲೂ ಅವೇ ಜೀನುಗಳಿದ್ದರೂ ಒಂದು ಕೋಶ ಎಲೆಯಾಗುತ್ತದೆ, ಇನ್ನೊಂದು ಬೇರಾಗುತ್ತದೆ. ಇದು ಹೇಗೆ? ಈ ಚಲಿಸುವ ಘಟಕಗಳೇ ಜೀನುಗಳನ್ನು ಹೊತ್ತು ಹೊತ್ತಿಗೆ ಚಾಲನೆಗೊಳಿಸುತ್ತ, ತಡೆಹಿಡಿಯುತ್ತ ಬೆಳವಣಿಗೆಯನ್ನು ನಡೆಸುತ್ತವೆ ಎಂದು ಅವರು ನಂಬಿದರು. ಅವುಗಳನ್ನು ನಿಯಂತ್ರಕ ಘಟಕಗಳೆಂದೇ ಕರೆದರು. ಜಾಗ ಬದಲಾಯಿಸುವುದು ಅವರಿಗೆ ಗೌಣ, ನಿಯಂತ್ರಣವೇ ಮುಖ್ಯ. ಆದರೆ ಆ ನಿಯಂತ್ರಣಕ್ಕೆ ಇತರರು ಒಪ್ಪುವಂಥ ಪುರಾವೆ ಅವರ ಬಳಿ ಇರಲಿಲ್ಲ. 1961ರ ಸುಮಾರಿಗೆ ಫ್ರಾನ್ಸ್‌ನ ಜಾಕೋಬ್ ಮತ್ತು ಮೊನೊ ಬ್ಯಾಕ್ಟೀರಿಯಾದಲ್ಲಿ ಜೀನುಗಳ ನಿಯಂತ್ರಣವನ್ನು ವಿವರಿಸಿದಾಗ ಮೆಕ್ಲಿಂಟಾಕ್ ಸಂತೋಷಪಟ್ಟು, ಅದಕ್ಕೂ ತಮ್ಮ ಮೆಕ್ಕೆಜೋಳಕ್ಕೂ ಇರುವ ಹೋಲಿಕೆಯನ್ನು ಬರೆದು ಪ್ರಕಟಿಸಿದರು. ಆದರೆ ಬ್ಯಾಕ್ಟೀರಿಯಾದ ನಿಯಂತ್ರಕಗಳು ಜಿಗಿಯುತ್ತಿರಲಿಲ್ಲ. ಬೆಳವಣಿಗೆಗೆ ಜಿಗಿತ ಅನಿವಾರ್ಯವಲ್ಲವೆಂದು ಲೋಕ ಅದರಿಂದ ತಿಳಿದುಕೊಂಡಿತು.

ತಡವಾದ ಮನ್ನಣೆ

1960ರ ದಶಕದ ಕೊನೆಯಲ್ಲಿ ಬ್ಯಾಕ್ಟೀರಿಯಾಗಳಲ್ಲೂ ಜಾಗ ಬದಲಿಸುವ ಡಿಎನ್‌ಎ ತುಣುಕುಗಳು ಕಂಡುಬಂದವು. ಪ್ರತಿಜೀವಕ ಔಷಧಗಳಿಗೆ ಬಗ್ಗದ ಗುಣ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹರಡುವುದರಲ್ಲಿ ಇಂಥ ತುಣುಕುಗಳ ಪಾತ್ರವಿದೆಯೆಂದು 1970ರ ದಶಕದಲ್ಲಿ ಸ್ಪಷ್ಟವಾಯಿತು. ಆಸ್ಪತ್ರೆಗೆ ಸಂಬಂಧಿಸಿದ ವಿಷಯವಾದಾಗ ಹಳೆಯ ಮೆಕ್ಕೆಜೋಳದ ಪ್ರಬಂಧಗಳಿಗೆ ಓದುಗರು ಸಿಕ್ಕರು. 1983ರಲ್ಲಿ ನೀನಾ ಫೆಡೊರಾಫ್ ಮತ್ತು ಸಂಗಡಿಗರು ಎಸಿ, ಡಿಎಸ್ ಘಟಕಗಳನ್ನೇ ಡಿಎನ್‌ಎ ರೂಪದಲ್ಲಿ ಪ್ರತ್ಯೇಕಿಸಿ ತೋರಿಸಿದರು.

ಅದೇ ವರ್ಷ ಅಕ್ಟೋಬರ್‌ನಲ್ಲಿ ವೈದ್ಯಕೀಯ ವಿಭಾಗದ ನೊಬೆಲ್ ಮೆಕ್ಲಿಂಟಾಕ್ ಅವರಿಗೆ ಘೋಷಣೆಯಾಯಿತು. ಮನೆಯಲ್ಲಿ ದೂರವಾಣಿ ಇಟ್ಟುಕೊಳ್ಳದಿದ್ದ ಅವರಿಗೆ ಸುದ್ದಿ ತಿಳಿದದ್ದು ರೇಡಿಯೊದಿಂದ. ಆ ವಿಭಾಗದ ಪ್ರಶಸ್ತಿಯನ್ನು ಯಾರೊಂದಿಗೂ ಹಂಚಿಕೊಳ್ಳದೆ ಪಡೆದ ಮಹಿಳೆ, 2025ರವರೆಗಿನ ಪಟ್ಟಿಯಲ್ಲಿ, ಅವರೊಬ್ಬರೇ. ಪ್ರಶಸ್ತಿ ಕೊಟ್ಟದ್ದು ಚಲಿಸುವ ಘಟಕಗಳ ಶೋಧಕ್ಕೆ, ನಿಯಂತ್ರಣದ ಸಿದ್ಧಾಂತಕ್ಕಲ್ಲ. ನೊಬೆಲ್ ಉಪನ್ಯಾಸದಲ್ಲಿ ಅವರು ಮಾತನಾಡಿದ್ದು ಮಾತ್ರ ಆಘಾತ, ಒತ್ತಡಗಳಿಗೆ ಜೀವಕೋಶ ತನ್ನ ವಂಶವಾಹಿ ವ್ಯವಸ್ಥೆಯನ್ನೇ ಮರುಜೋಡಿಸಿ ಹೇಗೆ ಉತ್ತರಿಸುತ್ತದೆ ಎಂಬುದರ ಕುರಿತು. ಇಳಿವಯಸ್ಸಿನಲ್ಲೂ ಅವರ ಮನಸ್ಸು ಉತ್ತರ ಸಿಗದ ಪ್ರಶ್ನೆಯ ಕಡೆಗೇ ವಾಲಿತ್ತು. ಅವಿವಾಹಿತರಾಗಿಯೇ ಬಾಳಿದ ಅವರು 1992ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕ್ ರಾಜ್ಯದ ಹಂಟಿಂಗ್‌ಟನ್‌ನಲ್ಲಿ ನಿಧನರಾದರು.

ಉಳಿದ ಅರ್ಧ

ಅವರ ಅನಂತರದ ವರ್ಷಗಳು ಈ ಘಟಕಗಳ ವ್ಯಾಪ್ತಿಯನ್ನು ತೆರೆದು ತೋರಿಸಿವೆ. 2009ರಲ್ಲಿ ಮೆಕ್ಕೆಜೋಳದ ಜೀನೋಮ್ ಓದಿದಾಗ ಅದರ ಸುಮಾರು ಶೇ. 85ರಷ್ಟು ಭಾಗ ಇಂಥ ಚಲಿಸುವ ಘಟಕಗಳಿಂದಲೇ ಆಗಿದೆಯೆಂದು ತಿಳಿಯಿತು. ಮನುಷ್ಯರ ಜೀನೋಮ್‌ನಲ್ಲೂ ಸುಮಾರು ಅರ್ಧದಷ್ಟು ಭಾಗ ಅವುಗಳ ಕುರುಹು. ಮೆಂಡೆಲ್ ಹತ್ತೊಂಬತ್ತನೆಯ ಶತಮಾನದಲ್ಲಿ ಎಣಿಸಿದ ಸುಕ್ಕುಗಟ್ಟಿದ ಬಟಾಣಿಯ ಗುಣಕ್ಕೂ ಎಸಿ-ಡಿಎಸ್ ಗುಂಪನ್ನು ಹೋಲುವ ತುಣುಕೊಂದು ಜೀನಿನೊಳಗೆ ಸೇರಿಕೊಂಡದ್ದೇ ಕಾರಣವೆಂದು 1990ರಲ್ಲಿ ಗೊತ್ತಾಯಿತು. ಈ ಘಟಕಗಳನ್ನು ಉಪಯೋಗಿಸಿ ಸಸ್ಯಗಳ ಜೀನುಗಳನ್ನು ಕೆಡಿಸಿ, ಯಾವುದರ ಕೆಲಸ ಏನೆಂದು ಪತ್ತೆಹಚ್ಚುವುದು ಸಸ್ಯ ಅಣುಜೀವವಿಜ್ಞಾನದ ಬಳಕೆಯ ವಿಧಾನಗಳಲ್ಲಿ ಒಂದಾಯಿತು.

ಬೆಳವಣಿಗೆಯನ್ನೆಲ್ಲ ಜಿಗಿಯುವ ಘಟಕಗಳೇ ನಡೆಸುತ್ತವೆ ಎಂಬ ಅವರ ನಂಬಿಕೆ ಆ ರೂಪದಲ್ಲಿ ನಿಲ್ಲಲಿಲ್ಲ. ಹಾಗೆಂದು ಅದು ಬರೀ ಭ್ರಮೆಯೂ ಆಗಿರಲಿಲ್ಲ. ಮೆಕ್ಕೆಜೋಳದ ಪೂರ್ವಜ ಮೆಕ್ಸಿಕೊದ ಟಿಯೊಸಿಂಟೆ ಎಂಬ ಹುಲ್ಲು. ಹಲವು ಕವಲೊಡೆದು ಪೊದೆಯಂತೆ ಬೆಳೆಯುವ ಗಿಡ. ಅದು ಒಂದೇ ಕಾಂಡದ, ದೊಡ್ಡ ತೆನೆಯ ಬೆಳೆಯಾಗಲು ಕವಲುಗಳನ್ನು ತಡೆಯುವ ಒಂದು ಜೀನು ಹೆಚ್ಚು ಚುರುಕಾಗಬೇಕಿತ್ತು. ಆ ಜೀನಿನ ಬಳಿ ಬಂದು ಸೇರಿ ಅದನ್ನು ಚುರುಕುಗೊಳಿಸಿದ್ದು ಒಂದು ಚಲಿಸುವ ಘಟಕವೇ ಎಂದು 2011ರಲ್ಲಿ ವಿಜ್ಞಾನಿಗಳು ತೋರಿಸಿದರು. ಮೆಕ್ಲಿಂಟಾಕ್ ಜೀವಮಾನವಿಡೀ ಕೈಯಲ್ಲಿ ಹಿಡಿದು ಎಣಿಸಿದ ತೆನೆಗೆ ಆ ರೂಪ ಬರುವುದರಲ್ಲಿಯೇ, ಅವರು ಹೇಳುತ್ತಿದ್ದ ಬಗೆಯ ನಿಯಂತ್ರಣವೊಂದು ಕೆಲಸ ಮಾಡಿತ್ತು.