ಕೈಯಳತೆಯ ವಾದ್ಯವನ್ನು ಮಾಡಿದವನು

ವಾದ್ಯವನ್ನು ನುಡಿಸಿದವರ ಹೆಸರು ಲೋಕದಲ್ಲಿ ಉಳಿಯುತ್ತದೆ. ಅದನ್ನು ಮಾಡಿದವನ ಹೆಸರು ಸಾಮಾನ್ಯವಾಗಿ ಮರದ ಹೊಟ್ಟಿನೊಡನೆ ಹಾರಿಹೋಗುತ್ತದೆ. ಸಭೆಯಲ್ಲಿ ವೈಣಿಕನಿಗೆ ಶಾಲು ಹೊದಿಸುವಾಗ, ಆ ವೀಣೆಗೆ ಮೇಣ ಕಟ್ಟಿ ಮೆಟ್ಟಿಲುಗಳನ್ನು ಕೂರಿಸಿದವನನ್ನು ನೆನೆಯುವವರು ಎಷ್ಟು ಮಂದಿ? ಈ ಮಾತಿಗೆ ಅಪವಾದವಾಗಿ ಬಾಳಿದವನೊಬ್ಬನ ಕತೆಯನ್ನು ಹೇಳಬೇಕೆಂದಿದ್ದೇನೆ. ಆತನ ಹೆಸರು ಲೋಕದ ಎಲ್ಲ ದೇಶಗಳ ವಾದ್ಯಗಳ ತಲೆಯ ಮೇಲೆಯೂ ಕಾಣುತ್ತದೆ. ಆದರೆ ಆ ವಾದ್ಯಗಳನ್ನು ನುಡಿಸುವುದಾಗಲಿ, ಶ್ರುತಿ ಮಾಡುವುದಾಗಲಿ ಆತನಿಗೆ ಬರುತ್ತಿರಲಿಲ್ಲ. ಅಮೆರಿಕದ ಲಿಯೋ ಫೆಂಡರ್ ಆತ.

ಆತನ ಪರಿಚಯ ನನಗೆ ಮೊದಲು ಆದದ್ದು ಪುಸ್ತಕದಲ್ಲಿ ಅಲ್ಲ, ಅಂಗಡಿಯಲ್ಲಿ. ನನ್ನ ತಂಗಿಯ ಮಗಳು ಕಾಲೇಜಿನ ಗೆಳತಿಯರೊಡನೆ ಸೇರಿ ಬಾಸ್ ಗಿಟಾರ್ ಕಲಿಯತೊಡಗಿದಳು. ಬಾಸ್ ಎಂದರೆ ಮಂದ್ರಸ್ಥಾಯಿಯ ಗಿಟಾರು. ದಪ್ಪ ತಂತಿಗಳು ನಾಲ್ಕು, ಉದ್ದವಾದ ದಂಡಿ. ಎರವಲು ತಂದ ವಾದ್ಯದ ಮೇಲೆ ನಾಲ್ಕು ತಿಂಗಳು ಸಾಧನೆ ಮಾಡಿದ ಮೇಲೆ ಅವಳ ಎಡಗೈಯ ಮಣಿಕಟ್ಟು ನೋಯತೊಡಗಿತು. ಕಲಿಸುವವರು ಅವಳ ಕೈ ಚಿಕ್ಕದು, ಈ ವಾದ್ಯ ಅವಳಿಗೆ ಒಗ್ಗದು ಎಂದುಬಿಟ್ಟರಂತೆ. ಹುಡುಗಿ ಅದನ್ನು ನಂಬಿಬಿಟ್ಟಳು. ಚಿಕ್ಕಂದಿನಲ್ಲಿ ಕೆಲವು ವರ್ಷ ವೀಣೆ ಹಿಡಿದಿದ್ದ ನನಗೆ ಆ ಮಾತು ಸರಿಯೆನಿಸಲಿಲ್ಲ. ಅವಳನ್ನು ಕರೆದುಕೊಂಡು ವಾದ್ಯಗಳ ಅಂಗಡಿಗೆ ಹೋದೆ. ಮೇಷ್ಟರ ಚೀಲದಲ್ಲಿ ಯಾವಾಗಲೂ ಇರುವ ಅಳತೆಪಟ್ಟಿ ಅಂದೂ ಇತ್ತು.

ಅಂಗಡಿಯಲ್ಲಿ ಎರಡು ವಾದ್ಯಗಳನ್ನು ಮುಂದಿಟ್ಟರು. ನೋಡುವ ಕಣ್ಣಿಗೆ ಎರಡೂ ಒಂದೇ. ತಂತಿಯ ಉದ್ದವೂ ಒಂದೇ. ಆದರೆ ಹುಡುಗಿ ಎರಡನೆಯದನ್ನು ಹಿಡಿದೊಡನೆ ಅವಳ ಮುಖ ಬೇರೆಯಾಯಿತು. ಅಳತೆಪಟ್ಟಿಯನ್ನು ಇಟ್ಟು ನೋಡಿದೆ. ತಂತಿಗಳು ಬಿರಡೆಗಳ ಕಡೆಗೆ ದಾಟಿ ಹೋಗುವ ಮೇರುವಿನ ಬಳಿ ಮೊದಲನೆಯದರ ದಂಡಿ ಸುಮಾರು 44 ಮಿಲಿಮೀಟರ್ ಅಗಲವಿತ್ತು, ಎರಡನೆಯದು 38. ನಡುವೆ ಇದ್ದುದು ಆರು ಮಿಲಿಮೀಟರ್, ಒಂದು ಪೆನ್ಸಿಲಿನ ದಪ್ಪಕ್ಕಿಂತಲೂ ಕಡಮೆ. ಇಷ್ಟು ಸಣ್ಣ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಂಡು ಎರಡು ಬಗೆಯ ವಾದ್ಯ ಮಾಡಿದವನು ಯಾರು ಎಂಬ ಕುತೂಹಲ ನನಗೆ ಅಲ್ಲಿಯೇ ಹುಟ್ಟಿತು.

ಫೆಂಡರ್ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಕ್ಯಾಲಿಫೋರ್ನಿಯದ ಆನಹೈಮ್ ಮತ್ತು ಫುಲರ್ಟನ್ ಊರುಗಳ ನಡುವೆ, ಕಿತ್ತಳೆ ತೋಟವಿದ್ದ ಒಕ್ಕಲು ಮನೆತನದಲ್ಲಿ. ಎಂಟನೆಯ ವಯಸ್ಸಿನಲ್ಲಿ ಎಡಗಣ್ಣಿನಲ್ಲಿ ಗೆಡ್ಡೆಯಾಗಿ ಆ ಕಣ್ಣನ್ನು ಕಳೆದುಕೊಂಡನು. ಅಲ್ಲಿಂದ ಮುಂದೆ ಗಾಜಿನ ಕಣ್ಣು. ಹುಡುಗನಾಗಿದ್ದಾಗ ಸ್ವಲ್ಪ ಪಿಯಾನೊ, ಸ್ವಲ್ಪ ಸ್ಯಾಕ್ಸೊಫೋನ್ ಅಭ್ಯಾಸ ಮಾಡಿದ್ದುಂಟು. ಗಿಟಾರು ಮಾತ್ರ ಎಂದಿಗೂ ಕೈಗೆ ಹತ್ತಲಿಲ್ಲ. ವಾಹನಗಳ ವಿದ್ಯುತ್ತಿನ ಕೆಲಸ ಮಾಡುತ್ತಿದ್ದ ಚಿಕ್ಕಪ್ಪನೊಬ್ಬನು ಒಂದು ಪೆಟ್ಟಿಗೆಯ ತುಂಬ ಹಳೆಯ ರೇಡಿಯೋ ಭಾಗಗಳನ್ನು ಕಳುಹಿಸಿಕೊಟ್ಟನು. ಹುಡುಗನ ಮನಸ್ಸು ಆ ಪೆಟ್ಟಿಗೆಯಲ್ಲಿ ನೆಲೆಸಿತು. ಶಾಲೆಯ ಓದು 1928ರಲ್ಲಿ ಮುಗಿಯಿತು. ಮುಂದೆ ಕಾಲೇಜಿನಲ್ಲಿ ಕಲಿತದ್ದು ವಿದ್ಯುತ್ ಶಾಸ್ತ್ರವನ್ನಲ್ಲ, ಲೆಕ್ಕಪತ್ರದ ವಿದ್ಯೆಯನ್ನು. ರೇಡಿಯೋವಿನ ಜ್ಞಾನವೆಲ್ಲ ತಾನಾಗಿಯೇ ಬಿಚ್ಚಿ ಜೋಡಿಸಿ ಸಂಪಾದಿಸಿದ್ದು.

ಲೆಕ್ಕಪತ್ರ ಅವನಿಗೆ ಅನ್ನ ಕೊಡಬೇಕಾಗಿತ್ತು. 1934ರಲ್ಲಿ ಎಸ್ತರಳನ್ನು ಮದುವೆಯಾಗಿ, ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ ಗುಮಾಸ್ತನಾದನು. ಅದು ಲೋಕವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ಕಾಲ. ಆ ಕೆಲಸ ಹೋಯಿತು. ಟೈರು ಮಾರುವ ಸಂಸ್ಥೆಯೊಂದರಲ್ಲಿ ಸೇರಿದನು. ಕೆಲವು ತಿಂಗಳಲ್ಲಿ ಅದೂ ಹೋಯಿತು. 1938ರಲ್ಲಿ 600 ಡಾಲರ್ ಸಾಲ ಮಾಡಿ, ಹುಟ್ಟಿದೂರಿಗೆ ಮರಳಿ, ಫುಲರ್ಟನ್ನಿನಲ್ಲಿ ರೇಡಿಯೋ ದುರಸ್ತಿಯ ಅಂಗಡಿಯನ್ನು ತೆರೆದನು. ಕೆಲಸ ಕಳೆದುಕೊಂಡ ಗುಮಾಸ್ತನೊಬ್ಬನು ಬದುಕುವುದಕ್ಕಾಗಿ ಹಿಡಿದ ದಾರಿ ಅದು. ಸಂಗೀತದ ಚರಿತ್ರೆಯನ್ನು ಬದಲಾಯಿಸುವ ಉದ್ದೇಶ ಆಗ ಅವನಿಗೆ ಇದ್ದಿರಲಾರದು.

ಆ ಅಂಗಡಿಗೆ ರೇಡಿಯೋಗಳೊಡನೆ ವಾದ್ಯಗಾರರೂ ಬರತೊಡಗಿದರು. ಧ್ವನಿವರ್ಧಕ ಕೆಟ್ಟಿದೆ, ಗಿಟಾರಿನ ಸದ್ದು ಮಂದಿಗೆ ಕೇಳಿಸುವುದಿಲ್ಲ ಎಂಬುದು ಅವರ ದೂರು. ಡಾಕ್ ಕಾಫ್‌ಮನ್ ಎಂಬವನ ಜೊತೆಗೂಡಿ ಯುದ್ಧದ ಕೊನೆಯ ವರ್ಷಗಳಲ್ಲಿ ಮಡಿಲ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರುಗಳನ್ನು ಮಾಡಿದನು. 1946ರ ಹೊತ್ತಿಗೆ ಇಬ್ಬರೂ ಬೇರೆಯಾಗಿ, ಫೆಂಡರ್ ತನ್ನದೇ ಕಾರ್ಖಾನೆ ಹೂಡಿದನು. 1950ರಲ್ಲಿ ಟೊಳ್ಳಿಲ್ಲದ, ಇಡಿಯ ಮರದ ಹಲಗೆಯಿಂದ ಕೊಯ್ದ ವಿದ್ಯುತ್ ಗಿಟಾರು ಹೊರಬಂದಿತು. ಮುಂದೆ ಟೆಲಿಕಾಸ್ಟರ್ ಎಂದು ಹೆಸರಾದದ್ದು ಅದೇ. ಅದರ ದಂಡಿಯನ್ನು ಒಡಲಿಗೆ ಅಂಟಿನಿಂದ ಬೆಸೆದಿರಲಿಲ್ಲ, ತಿರುಪುಗಳಿಂದ ಬಿಗಿದಿದ್ದನು. ಹಳೆಯ ಸಂಪ್ರದಾಯದ ವಾದ್ಯಕಾರರಿಗೆ ಇದು ಒರಟು ಕೆಲಸವಾಗಿ ಕಂಡಿತು. ದುರಸ್ತಿಯವನಿಗೆ ಅದರ ಬೆಲೆ ತಿಳಿದಿತ್ತು. ಕೆಟ್ಟ ಭಾಗವನ್ನು ಬಿಚ್ಚಿ ಬೇರೊಂದನ್ನು ಹಾಕಬಹುದಾದರೆ ಬಡ ವಾದ್ಯಗಾರನ ಸಂಜೆಯ ಸಂಪಾದನೆ ನಿಲ್ಲುವುದಿಲ್ಲ.

ಬಾಸ್ ವಾದ್ಯದ ಕಡೆಗೆ ಅವನ ಗಮನ ಹರಿದದ್ದೂ ಇಂಥದೇ ಕಾರಣದಿಂದ. ಆವರೆಗೆ ಮಂದ್ರಸ್ವರವನ್ನು ನುಡಿಸುತ್ತಿದ್ದುದು ಆಳುದ್ದದ ಪಿಟೀಲಿನಂತೆ ನಿಲ್ಲಿಸಿ ಹಿಡಿಯುವ ಡಬಲ್ ಬಾಸ್. ಅದರ ತಂತಿ ಸುಮಾರು 42 ಅಂಗುಲ. ಊರಿಂದೂರಿಗೆ ಹೊತ್ತೊಯ್ಯುವುದೇ ಒಂದು ಪ್ರಯಾಸ. ಹೊತ್ತು ತಂದರೂ ವಿದ್ಯುತ್ ಗಿಟಾರಿನ ಮತ್ತು ಮದ್ದಳೆಗಳ ನಡುವೆ ಅದರ ದನಿ ಮುಳುಗಿಹೋಗುತ್ತಿತ್ತು. ಮೆಟ್ಟಿಲುಗಳಿಲ್ಲದ್ದರಿಂದ ಸ್ವರಸ್ಥಾನವನ್ನು ಕಿವಿಯಿಂದಲೇ ಹುಡುಕಬೇಕು. 1951ರಲ್ಲಿ ಫೆಂಡರ್ ಇದಕ್ಕೆಲ್ಲ ಉತ್ತರವಾಗಿ ಕೊರಳಿಗೆ ತೂಗಿಹಾಕಿಕೊಳ್ಳುವ, ಮೆಟ್ಟಿಲುಗಳುಳ್ಳ ವಿದ್ಯುತ್ ಬಾಸನ್ನು ತಂದನು. ತಂತಿಯ ಉದ್ದ 34 ಅಂಗುಲ. ಸ್ವರ ಕರಾರುವಾಕ್ಕಾಗಿ ನುಡಿಯುತ್ತದೆಂಬ ಅರ್ಥದಲ್ಲಿ ಪ್ರಿಸಿಷನ್ ಬಾಸ್ ಎಂದು ಹೆಸರಿಟ್ಟನು. ನ್ಯಾಯವಾಗಿ ಹೇಳುವುದಾದರೆ ಈ ಕಲ್ಪನೆಗೆ ಮೊದಲಿಗನು ಅವನಲ್ಲ; ಸಿಯಾಟಲ್ಲಿನ ಪಾಲ್ ಟಟ್‌ಮಾರ್ಕ್ ಎಂಬವನು 1930ರ ದಶಕದಲ್ಲಿಯೇ ಇಂಥ ವಾದ್ಯವನ್ನು ಮಾಡಿ ಮಾರಿದ್ದನು. ಆದರೆ ಲೋಕದ ಕೈಗೆ ಅದನ್ನು ಮುಟ್ಟಿಸಿದವನು ಫೆಂಡರನೇ.

ಪ್ರಿಸಿಷನ್ ಬಾಸಿನ ಮೇರು ಒಂದೂಮುಕ್ಕಾಲು ಅಂಗುಲ. ನಾನು ಅಳೆದ 44 ಮಿಲಿಮೀಟರ್ ಅದೇ. ಡಬಲ್ ಬಾಸ್ ನುಡಿಸಿ ಪಳಗಿದ ಕೈಗಳಿಗೆ ಅದೇನೂ ಅಗಲವಲ್ಲ. ಆದರೆ ವಾದ್ಯ ಒಮ್ಮೆ ಬೀದಿಗೆ ಬಂದ ಮೇಲೆ ಎಲ್ಲ ಬಗೆಯ ಕೈಗಳೂ ಅದನ್ನು ಹಿಡಿಯುತ್ತವೆ. ಫೆಂಡರಿಗೆ ಒಂದು ಅಭ್ಯಾಸವಿತ್ತು. ಹೊಸ ವಾದ್ಯವನ್ನು ವೃತ್ತಿಯ ವಾದ್ಯಗಾರರಿಗೆ ಕೊಟ್ಟು ಕಳುಹಿಸಿ, ಅವರು ಹಿಂದಿರುಗಿದಾಗ ಹೇಳಿದ ದೂರನ್ನು ಕೇಳುತ್ತಿದ್ದನು. ತನಗೆ ನುಡಿಸಲು ಬಾರದಿದ್ದುದು ಇಲ್ಲಿ ಗುಣವೇ ಆಯಿತೆಂದು ನನ್ನ ಎಣಿಕೆ. ನುಡಿಸಬಲ್ಲವನು ತನ್ನ ಕೈಯನ್ನೇ ಪ್ರಮಾಣವೆಂದು ಭಾವಿಸುತ್ತಾನೆ. ಇವನಿಗೆ ಪರರ ಕೈಯಲ್ಲದೆ ಬೇರೆ ಪ್ರಮಾಣವಿರಲಿಲ್ಲ. 1960ರಲ್ಲಿ ಬಂದ ಜಾಸ್ ಬಾಸಿನಲ್ಲಿ ಮೇರುವಿನ ಅಗಲವನ್ನು ಒಂದೂವರೆ ಅಂಗುಲಕ್ಕೆ ಇಳಿಸಿದನು. ಮೇಲ್ತುದಿಯಲ್ಲಿ ತಂತಿಗಳು ಒಂದರ ಹತ್ತಿರ ಒಂದು ಬಂದವು. ಮುಂದೆ ಜಾಕೊ ಪಾಸ್ಟೋರಿಯಸ್ ಎಂಬ ಮಹಾವಾದಕನು ತನ್ನ ಕೀರ್ತಿಯನ್ನು ಗಳಿಸಿದ್ದು 1962ರ ಇಂಥದೊಂದು ವಾದ್ಯದ ಮೇಲೆಯೇ.

ಇಲ್ಲಿ ಕೊಳ್ಳುವವರು ಎಚ್ಚರದಿಂದಿರಬೇಕಾದ ಒಂದು ಸಂಗತಿಯುಂಟು. ತಂತಿಗಳ ನಡುವಣ ಅಂತರವನ್ನು ಒಂದೇ ಕಡೆ ಅಳೆದರೆ ಸಾಲದು. ಮೇರುವಿನ ಬಳಿಯ ಅಂತರ ಎಡಗೈಯದು. ಕುದುರೆಯ ಬಳಿಯ ಅಂತರ ಬಲಗೈಯದು. ಜಾಸ್ ಬಾಸ್ ಕಿರಿದಾದದ್ದು ಮೇಲ್ತುದಿಯಲ್ಲಿ ಮಾತ್ರ. ಕುದುರೆಯ ಬಳಿ ಎರಡು ವಾದ್ಯಗಳಲ್ಲೂ ತಂತಿಯಿಂದ ತಂತಿಗೆ ಸುಮಾರು 19 ಮಿಲಿಮೀಟರ್. ಹೆಬ್ಬೆರಳಿನಿಂದ ತಂತಿಯನ್ನು ಬಡಿದು, ತೋರುಬೆರಳನ್ನು ಅಡಿಯಲ್ಲಿ ತೂರಿಸಿ ಎಳೆಯುವವರಿಗೆ ಆ ಎಡೆ ಬೇಕು. ಗಿಟಾರಿನಂತೆ ಮೀಟುಗಡ್ಡಿ ಹಿಡಿಯುವವರಿಗೆ ಅಷ್ಟು ಬೇಡ. ಅವರಿಗೆಂಬಂತೆ ಫೆಂಡರ್ 1961ರಲ್ಲಿ ಆರು ತಂತಿಗಳ ಬಾಸೊಂದನ್ನು ಮಾಡಿದನು. ತಂತಿಯ ಉದ್ದ 30 ಅಂಗುಲ. ತಂತಿಗಳು ಗಿಟಾರಿನಂತೆಯೇ ಒತ್ತೊತ್ತಾಗಿದ್ದವು. ಬೆರಳಿನಿಂದ ನುಡಿಸುವ ಬಾಸ್ ವಾದಕರಲ್ಲಿ ಅನೇಕರಿಗೆ ಅದು ಇಕ್ಕಟ್ಟೆನಿಸಿತು. ಕಿರಿದಾದದ್ದೆಲ್ಲ ಎಲ್ಲರಿಗೂ ಸುಲಭವಲ್ಲ.

ಇಷ್ಟರಲ್ಲಿ ಮನುಷ್ಯನ ಮೈ ಸೋತಿತ್ತು. 1950ರ ದಶಕದ ನಡುವೆ ಹಿಡಿದ ಸೋಂಕೊಂದು ವರ್ಷಗಟ್ಟಲೆ ಬಿಡಲಿಲ್ಲ. ತಾನು ಹೆಚ್ಚು ಕಾಲ ಬದುಕಲಾರೆನೆಂದು ನಂಬಿ, 1965ರ ಜನವರಿಯಲ್ಲಿ ಕಾರ್ಖಾನೆಯನ್ನು ಸಿ.ಬಿ.ಎಸ್. ಸಂಸ್ಥೆಗೆ 130 ಲಕ್ಷ ಡಾಲರುಗಳಿಗೆ ಮಾರಿಬಿಟ್ಟನು. ಅದರೊಡನೆ ತನ್ನ ಹೆಸರನ್ನೂ ಮಾರಿದಂತಾಯಿತು. ಮರುವರ್ಷ ಅಲ್ಲಿಂದ ಹೊರಬಂದ, 30 ಅಂಗುಲದ ತಂತಿಯ ಮಸ್ಟ್ಯಾಂಗ್ ಬಾಸ್ ಆ ಕಾರ್ಖಾನೆಗಾಗಿ ಅವನು ರೂಪಿಸಿದ ಕೊನೆಯ ಬಾಸ್. ವಿಧಿಯ ವಿನೋದವೆಂದರೆ, ಕೆಲವು ವರ್ಷಗಳಲ್ಲಿ ಬೇರೊಬ್ಬ ವೈದ್ಯನ ಚಿಕಿತ್ಸೆಯಿಂದ ರೋಗ ವಾಸಿಯಾಯಿತು. ಸಾಯುವವನೆಂದು ಎಲ್ಲವನ್ನೂ ಕೈಬಿಟ್ಟವನು ಆ ಮಾರಾಟದ ಮೇಲೆ 26 ವರ್ಷ ಬದುಕಿದನು.

ಹಣವಿತ್ತು, ಹೆಸರಿತ್ತು, ಸುಮ್ಮನೆ ಕುಳಿತುಕೊಳ್ಳಬಹುದಾಗಿತ್ತು. ಆದರೆ ಕೈ ಕೇಳಲಿಲ್ಲ. ಹತ್ತು ವರ್ಷ ಪೈಪೋಟಿಗೆ ಇಳಿಯಕೂಡದೆಂಬ ಕರಾರು ಮುಗಿದ ಮೇಲೆ, 1975ರಲ್ಲಿ ಮ್ಯೂಸಿಕ್ ಮ್ಯಾನ್ ಸಂಸ್ಥೆಯ ಅಧ್ಯಕ್ಷನಾದನು. 1976ರ ಸ್ಟಿಂಗ್‌ರೇ ಬಾಸ್ ಆ ಕಾಲದ ಫಲ. 1979ರಲ್ಲಿ ಎಸ್ತರ್ ತೀರಿಕೊಂಡಳು. ಹಳೆಯ ಒಡನಾಡಿ ಜಾರ್ಜ್ ಫುಲರ್ಟನ್ ಮೊದಲಾದವರೊಡನೆ ಜಿ ಆ್ಯಂಡ್ ಎಲ್ ಎಂಬ ಹೊಸ ಕಾರ್ಖಾನೆ ಆರಂಭವಾಯಿತು. 70 ದಾಟಿದವನು ಮತ್ತೆ ಮೊದಲಿನಿಂದ ತೊಡಗಿದನು. ಫೆಂಡರ್ ಎಂಬ ಗುರುತಿನ ವಾದ್ಯಗಳನ್ನು ಬೇರೆಯವರು ಮಾರುತ್ತಿದ್ದರು. ಫೆಂಡರ್ ಎಂಬ ಮನುಷ್ಯನು ಬೇರೊಂದು ಗುರುತಿನಡಿಯಲ್ಲಿ ವಾದ್ಯ ಮಾಡುತ್ತಿದ್ದನು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ರೋಗದಿಂದ ಕೈ ನಡುಗುತ್ತಿದ್ದರೂ ಕೆಲಸದ ಮೇಜನ್ನು ಬಿಡಲಿಲ್ಲ. ಹಿಂದಿನ ದಿನದವರೆಗೂ ಕಾರ್ಖಾನೆಗೆ ಬಂದು, 1991ರ ಮಾರ್ಚ್ 21ರಂದು ತೀರಿಕೊಂಡನು.

ಅಂಗಡಿಯ ಮಾತಿಗೆ ಮರಳುತ್ತೇನೆ. ಕಿರಿದಾದ ದಂಡಿಯಿಂದ ಹುಡುಗಿಗೆ ಅರ್ಧ ಸುಖವಾಯಿತು. ದಪ್ಪ ತಂತಿಯನ್ನು ಮುಟ್ಟಲು ಮಣಿಕಟ್ಟನ್ನು ಬಗ್ಗಿಸಬೇಕಾದ ಕಷ್ಟ ತಪ್ಪಿತು. ಆದರೆ ಮೊದಲ ಮೆಟ್ಟಿಲುಗಳಲ್ಲಿ ಬೆರಳುಗಳನ್ನು ಚಾಚುವ ನೋವು ಉಳಿಯಿತು. ಅದು ಅಗಲದ ದೋಷವಲ್ಲ, ಉದ್ದದ್ದು. 34 ಅಂಗುಲದ ತಂತಿಯಲ್ಲಿ ಮೇರುವಿನಿಂದ ಮೊದಲ ಮೆಟ್ಟಿಲಿಗೆ ಸುಮಾರು 48 ಮಿಲಿಮೀಟರ್. 30 ಅಂಗುಲದ್ದರಲ್ಲಿ 43. ಮೂರನೆಯ ವಾದ್ಯವೊಂದನ್ನು ತರಿಸಿದೆವು: ತಂತಿ 30 ಅಂಗುಲ, ಮೇರು 38 ಮಿಲಿಮೀಟರ್. 1966ರ ಆ ಮಸ್ಟ್ಯಾಂಗಿನ ಅಳತೆಯೇ ಅದು. ಹುಡುಗಿ ಕಾಲು ಗಂಟೆ ತಲೆಯೆತ್ತದೆ ನುಡಿಸಿದಳು. ಅಂಗಡಿಯವರು ಬೆಲೆ ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ. ನನ್ನ ಕಿವಿಗೆ ಬಿದ್ದಿತು.

ಅವಳ ಕೈ ಚಿಕ್ಕದೆಂಬ ಮಾತು ಸುಳ್ಳಲ್ಲ. ಆದರೆ ಕೈಗೂ ವಾದ್ಯಕ್ಕೂ ಹೊಂದಿಕೆಯಾಗದಿದ್ದಾಗ ತಪ್ಪು ಕೈಯದೇ ಎಂದು ತೀರ್ಪು ಕೊಟ್ಟವರು ಆಳತೆಪಟ್ಟಿಯನ್ನು ಹಿಡಿದಿರಲಿಲ್ಲ. ಒಂದು ಕಣ್ಣಿನ ಆ ದುರಸ್ತಿಗಾರನು ಮೊದಲು ವಾದ್ಯವನ್ನು ಬಿಚ್ಚಿ ನೋಡುತ್ತಿದ್ದನು. ಹುಡುಗಿ ಈಗ ದಿನವೂ ಸಾಧನೆ ಮಾಡುತ್ತಾಳೆ. ನನ್ನ ಅಳತೆಪಟ್ಟಿ ಅವಳ ವಾದ್ಯದ ಪೆಟ್ಟಿಗೆಯಲ್ಲಿಯೇ ಉಳಿದುಹೋಯಿತು. ಗೆಳತಿಯರಿಗೆ ವಾದ್ಯ ಆರಿಸುವಾಗ ಬೇಕಾಗುತ್ತದೆಂದು ಅವಳು ಅದನ್ನು ಹಿಂದಕ್ಕೆ ಕೊಟ್ಟಿಲ್ಲ.