ಬಲ್ಬಿನೊಳಗೆ ಗ್ಯಾಸ್ ತುಂಬಿದ ಲ್ಯಾಂಗ್‌ಮ್ಯೂರ್

ಕಳೆದ ರಜೆಯಲ್ಲಿ ಅಜ್ಜಿ ಮನೆಯ 60 ವ್ಯಾಟ್ ಬಲ್ಬ್ ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿದೆ. ಒಂಬತ್ತೇನಾ, ಕತ್ತಲಾಗಲ್ವಾ ಅಂತ ಅಜ್ಜಿಗೆ ಅನುಮಾನ. ವ್ಯಾಟ್ ಅಂದರೆ ಬಲ್ಬ್ ತಿನ್ನುವ ಕರೆಂಟು, ಕೊಡುವ ಬೆಳಕು ಲುಮೆನ್. ಎರಡೂ ಸುಮಾರು 700-800 ಲುಮೆನ್ ಕೊಡುತ್ತವೆ. ಒಂದೊಂದು ವ್ಯಾಟಿಗೆ ಎಷ್ಟು ಬೆಳಕು ಸಿಗುತ್ತೆ ಅನ್ನೋ ಲೆಕ್ಕದ ಹಿಂದೆ ಬಿದ್ದು, ಅಜ್ಜಿ ಮನೆಯ ಆ ಹಳೇ ಬಲ್ಬಿಗೆ ಈಗಿನ ರೂಪ ಕೊಟ್ಟವರು ಇರ್ವಿಂಗ್ ಲ್ಯಾಂಗ್‌ಮ್ಯೂರ್. ಹೌದು, ಕೆಮಿಸ್ಟ್ರಿಯಲ್ಲಿ ಬರೋ ಐಸೋಥರ್ಮ್‌ನ ಲ್ಯಾಂಗ್‌ಮ್ಯೂರೇ.

ಅವರು ಹುಟ್ಟಿದ್ದು 1881ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಕಣ್ಣು ಸರಿಯಾಗಿ ಕಾಣಲ್ಲ ಅಂತ ಗೊತ್ತಾಗಿದ್ದೇ ಹನ್ನೊಂದನೇ ವಯಸ್ಸಲ್ಲಿ. ಓದಿದ್ದು ಮೆಟಲರ್ಜಿ ಎಂಜಿನಿಯರಿಂಗ್, ಅಂದರೆ ನಮ್ಮವರೇ! ಜರ್ಮನಿಯಲ್ಲಿ ನರ್ನ್‌ಸ್ಟ್ ಹತ್ತಿರ ಪಿಎಚ್‌ಡಿ ಮಾಡಿ, ಮೂರು ವರ್ಷ ಪಾಠ ಮಾಡಿದರು. 1909ರ ಬೇಸಿಗೆ ರಜೆಗೆ ಅಂತ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಲ್ಯಾಬಿಗೆ ಹೋದವರು 1950ರಲ್ಲಿ ರಿಟೈರ್ ಆಗುವವರೆಗೂ ಅಲ್ಲೇ ಉಳಿದರು.

ಆಗ ಟಂಗ್‌ಸ್ಟನ್ ಬಲ್ಬ್ ಹೊಸದು. ಉರಿದಂತೆ ಗಾಜಿನ ಒಳಗೆ ಕಪ್ಪು ಹಿಡಿಯೋದು, ಬೆಳಕು ಮಂಕಾಗೋದು. ವ್ಯಾಕ್ಯೂಮ್ ಸಾಲದು, ಇನ್ನೂ ಗಾಳಿ ಹೀರಬೇಕು ಅನ್ನೋದು ಎಲ್ಲರ ನಂಬಿಕೆ. ಲ್ಯಾಂಗ್‌ಮ್ಯೂರ್ ಉಲ್ಟಾ ಮಾಡಿದರು. ಬೇರೆ ಬೇರೆ ಗ್ಯಾಸ್ ಒಳಗೆ ಬಿಟ್ಟು ಏನಾಗುತ್ತೆ ಅಂತ ನೋಡ್ತಾ ಕೂತರು. ಎಷ್ಟು ದಿನವಾದರೂ ಕಂಪನಿಗೆ ಉಪಯೋಗವಾಗೋ ರಿಸಲ್ಟ್ ಇಲ್ಲ. ಅವರಿಗೇ ಮುಜುಗರ. ಡೈರೆಕ್ಟರ್ ವಿಟ್ನಿ ಮಾತ್ರ ಮುಂದುವರಿಸಿ ಅಂದುಬಿಟ್ಟರು. (ನಮ್ಮ ಪ್ರಾಜೆಕ್ಟ್ ರಿವ್ಯೂನಲ್ಲಿ ಹಾಗೆ ಯಾರಾದ್ರೂ ಅಂತಾರಾ?)

ಕೊನೆಗೆ ಸಿಕ್ಕ ಉತ್ತರ: ಎಷ್ಟೇ ಒಳ್ಳೇ ವ್ಯಾಕ್ಯೂಮ್ ಇದ್ದರೂ ಬಿಸಿ ಫಿಲಮೆಂಟಿನಿಂದ ಟಂಗ್‌ಸ್ಟನ್ನೇ ಆವಿಯಾಗಿ ಗಾಜಿಗೆ ಅಂಟುತ್ತೆ. ನೈಟ್ರೋಜನ್ ತುಂಬಿದರೆ ಆ ಆವಿಯಾಗುವಿಕೆ ನಿಧಾನವಾಗುತ್ತೆ, ಫಿಲಮೆಂಟನ್ನ ಇನ್ನಷ್ಟು ಬಿಸಿ ಮಾಡಬಹುದು. ಹೆಚ್ಚು ಬಿಸಿಯಾದಷ್ಟೂ ಅದೇ ವ್ಯಾಟಿಗೆ ಬೆಳಕು ಜಾಸ್ತಿ. ಆದರೆ ಗ್ಯಾಸ್ ಬಿಸಿಯನ್ನ ಹೊತ್ತುಕೊಂಡು ಹೋಗುತ್ತಲ್ಲ? ಅಲ್ಲೇ ಇರೋದು ಮಜಾ. ತಂತಿಯ ಸುತ್ತ ಗ್ಯಾಸಿನ ಒಂದು ಪದರ ಅಲ್ಲಾಡದೆ ನಿಂತಿರುತ್ತೆ, ಹಾಗಾಗಿ ದಪ್ಪ ತಂತಿಯಿಂದ ಹೋಗೋ ಶಾಖ ಸಣ್ಣ ತಂತಿಗಿಂತ ತುಂಬಾ ಜಾಸ್ತಿಯೇನಲ್ಲ ಅಂತ ಅವರು ಕಂಡುಕೊಂಡರು. ಸಣ್ಣ ತಂತಿಯನ್ನೇ ಒತ್ತೊತ್ತಾಗಿ ಸ್ಪ್ರಿಂಗ್ ಥರ ಸುತ್ತಿದರು. ಗ್ಯಾಸಿನ ಪಾಲಿಗೆ ಅದು ಒಂದೇ ದಪ್ಪ ತಂತಿ! ದೊಡ್ಡ ಬಲ್ಬುಗಳಲ್ಲಿ ಒಂದು ಕ್ಯಾಂಡಲ್ ಬೆಳಕಿಗೆ ಸುಮಾರು ಒಂದು ವ್ಯಾಟ್ ಬೇಕಿದ್ದದ್ದು ಅರ್ಧಕ್ಕೆ ಇಳಿಯಿತು. ಇದು 1913ರ ಮಾತು. ಆಮೇಲೆ ನೈಟ್ರೋಜನ್ ಜಾಗಕ್ಕೆ ಆರ್ಗಾನ್ ಬಂತು.

1932ರಲ್ಲಿ ನೊಬೆಲ್ ಬಂತು. ಪ್ಲಾಸ್ಮಾ ಅನ್ನೋ ಹೆಸರಿಟ್ಟವರೂ ಇವರೇ. ವಯಸ್ಸಾದ ಮೇಲೆ ಮೋಡ ಬಿತ್ತನೆಯ ಹುಚ್ಚು ಹಿಡಿಯಿತು, ಹವಾಮಾನ ತಜ್ಞರು ಒಪ್ಪದಷ್ಟು ದೊಡ್ಡ ಮಾತಾಡಿದರು. ವಿಜ್ಞಾನಿಗಳು ತಮಗೆ ತಾವೇ ಹೇಗೆ ಮೋಸ ಹೋಗ್ತಾರೆ ಅಂತ 1953ರಲ್ಲಿ ಉಪನ್ಯಾಸ ಕೊಟ್ಟವರೂ ಅವರೇ. ಅದನ್ನ ಓದಿದಾಗ ನನಗೆ ಸ್ವಲ್ಪ ಬೇಜಾರಾಯ್ತು.

ಅವರು ತೀರಿಕೊಂಡಿದ್ದು 1957ರಲ್ಲಿ. ಐದು ವರ್ಷ ಬಿಟ್ಟು, ಅದೇ ಜನರಲ್ ಎಲೆಕ್ಟ್ರಿಕ್‌ನಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಬೆಳಕಿನ ಎಲ್‌ಇಡಿ ಉರಿಸಿದರು.