ಅಲೆಸ್ಸಾಂಡ್ರೊ ವೋಲ್ಟಾ

ಮಿರ್ಲೆಯಂತಹ ಹಳ್ಳಿಯ ರೈತನು ಇರುಳಿನಲ್ಲಿ ಗದ್ದೆಗೆ ನೀರು ಕಟ್ಟಲು ಹೊರಟಾಗ ಅವನ ಕೈಯಲ್ಲೊಂದು ಟಾರ್ಚು ಇರುತ್ತದೆ. ಗುಂಡಿಯನ್ನು ಒತ್ತಿದೊಡನೆ ಬೆಳಕು ಚೆಲ್ಲುವ ಆ ಸಾಧನದ ಒಡಲಲ್ಲಿರುವುದು ವಿದ್ಯುತ್ಕೋಶ. ಕೈಗಡಿಯಾರಕ್ಕೂ ಮೊಬೈಲಿಗೂ ಅದೇ ಜೀವಾಳ. ಇಂತಹ ವಿದ್ಯುತ್ಕೋಶಗಳ ಮೂಲಪುರುಷನೇ ಇಟಲಿಯ ವಿಜ್ಞಾನಿ ಅಲೆಸ್ಸಾಂಡ್ರೊ ವೋಲ್ಟಾ.

ವೋಲ್ಟಾ 1745ನೆಯ ಇಸವಿ ಫೆಬ್ರವರಿ 18ರಂದು ಕೋಮೋ ನಗರದಲ್ಲಿ ಜನಿಸಿದನು. ನಾಲ್ಕು ವರ್ಷಗಳವರೆಗೂ ಅವನಿಗೆ ಮಾತು ಬಂದಿರಲಿಲ್ಲವೆಂದು ಹೇಳುತ್ತಾರೆ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಅವನು ನ್ಯಾಯಶಾಸ್ತ್ರವನ್ನು ಓದಲಿ ಎಂಬುದು ಬಂಧುಗಳ ಬಯಕೆಯಾಗಿತ್ತು. ಆದರೆ ಅವನ ಮನಸ್ಸು ಪ್ರಕೃತಿಯ ರಹಸ್ಯಗಳತ್ತ ಹರಿಯಿತು. ಮುಂದೆ ಪಾವಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾಗಿ ಹೆಸರಾದನು.

ಅದೇ ಕಾಲದಲ್ಲಿ ಬೊಲೋನ್ಯಾ ನಗರದಲ್ಲಿ ಲುಯಿಗಿ ಗ್ಯಾಲ್ವನಿ ಎಂಬ ಅಂಗರಚನಾಶಾಸ್ತ್ರಜ್ಞನಿದ್ದನು. ಸತ್ತ ಕಪ್ಪೆಯ ಕಾಲಿಗೆ ಎರಡು ಲೋಹಗಳನ್ನು ತಾಗಿಸಿದಾಗ ಅದು ಜೀವವಿದ್ದಂತೆ ಅದುರುವುದನ್ನು ಅವನು ಕಂಡನು. ಪ್ರಾಣಿಯ ದೇಹದಲ್ಲಿಯೇ ವಿದ್ಯುತ್ತು ಅಡಗಿದೆಯೆಂದು 1791ರಲ್ಲಿ ಪ್ರಕಟಿಸಿದನು. ವೋಲ್ಟಾ ಮೊದಲು ಇದನ್ನು ಮೆಚ್ಚಿದನು. ಆದರೆ ಪ್ರಯೋಗವನ್ನು ತಾನೇ ಮಾಡಿ ನೋಡಿದ ಮೇಲೆ ಅವನಲ್ಲಿ ಸಂದೇಹ ಮೂಡಿತು. ಒಂದೇ ಲೋಹವನ್ನು ಬಳಸಿದರೆ ಅದುರುವಿಕೆ ಕ್ಷೀಣಿಸುವುದೇಕೆ? ತನ್ನ ನಾಲಗೆಯ ಮೇಲೆಯೇ ತವರವನ್ನೂ ಬೆಳ್ಳಿಯನ್ನೂ ಇಟ್ಟು ಜೋಡಿಸಿದಾಗ ಅವನಿಗೆ ಹುಳಿರುಚಿಯ ಅನುಭವವಾಯಿತು. ವಿದ್ಯುತ್ತು ಹುಟ್ಟುವುದು ಕಪ್ಪೆಯಿಂದಲ್ಲ, ಭಿನ್ನ ಲೋಹಗಳ ಸಂಪರ್ಕದಿಂದ ಎಂದು ಅವನು ಸಾರಿದನು.

ವಿದ್ವಾಂಸರು ಎರಡು ಪಂಗಡವಾದರು. ಆದರೂ ಇವರಿಬ್ಬರು ಪರಸ್ಪರ ಗೌರವವನ್ನು ಬಿಡಲಿಲ್ಲ. ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಲೊಪ್ಪದೆ ಹುದ್ದೆಯನ್ನು ಕಳೆದುಕೊಂಡ ಗ್ಯಾಲ್ವನಿ 1798ರಲ್ಲಿ ತೀರಿಕೊಂಡನು.

ಕಪ್ಪೆಯಿಲ್ಲದೆಯೇ ವಿದ್ಯುತ್ತನ್ನು ಪಡೆಯಬೇಕೆಂದು ವೋಲ್ಟಾ ಬೆಳ್ಳಿ ಮತ್ತು ಸತುವಿನ ಬಿಲ್ಲೆಗಳನ್ನು ಜೋಡಿಯಾಗಿ ಒಂದರ ಮೇಲೊಂದು ಪೇರಿಸಿ, ಜೋಡಿಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟನ್ನು ಇರಿಸಿದನು. ಆ ಕಂಬದ ಎರಡು ತುದಿಗಳನ್ನು ತಂತಿಯಿಂದ ಸೇರಿಸಿದಾಗ ವಿದ್ಯುತ್ತು ಎಡೆಬಿಡದೆ ಹರಿಯಿತು. 1800ರ ಮಾರ್ಚ್‌ನಲ್ಲಿ ಅವನು ಈ ಸಂಗತಿಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಅದೇ ವರ್ಷ ಇಂಗ್ಲೆಂಡಿನ ನಿಕಲ್ಸನ್ ಮತ್ತು ಕಾರ್ಲೈಲ್ ಇಂತಹುದೇ ಕಂಬದಿಂದ ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆದರು. 1801ರಲ್ಲಿ ಪ್ಯಾರಿಸಿನಲ್ಲಿ ಪ್ರಯೋಗವನ್ನು ಕಂಡ ನೆಪೋಲಿಯನ್ ವೋಲ್ಟಾನನ್ನು ಸನ್ಮಾನಿಸಿದನು.

ಆದರೆ ವೋಲ್ಟಾನ ವಿವರಣೆಯೂ ಪೂರ್ಣವಾಗಿರಲಿಲ್ಲ. ಲೋಹವೂ ದ್ರವವೂ ಸಂಧಿಸುವ ತೆಳುವಾದ ಮೇಲ್ಮೈಯಲ್ಲಿಯೇ ನಿಜವಾದ ಕಾರ್ಯ ನಡೆಯುತ್ತದೆಯೆಂದು ಅನಂತರದವರು ಕಂಡುಕೊಂಡರು. ಸತು ಉಪ್ಪುನೀರಿನಲ್ಲಿ ಕರಗುತ್ತಾ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಅವು ತಂತಿಯ ಮೂಲಕ ಬೆಳ್ಳಿಯನ್ನು ಸೇರುತ್ತವೆ. ಬೆಳ್ಳಿಯ ಮೇಲೆ ಜಲಜನಕದ ಗುಳ್ಳೆಗಳು ಅಂಟಿಕೊಂಡರೆ ವಿದ್ಯುತ್ತು ಕುಗ್ಗುತ್ತದೆ. 1836ರಲ್ಲಿ ಡೇನಿಯಲ್ ಎಂಬಾತನು ತಾಮ್ರದ ಫಲಕವನ್ನು ಮೈಲುತುತ್ತದ ದ್ರಾವಣದಲ್ಲಿ ಇರಿಸಿ ಈ ದೋಷವನ್ನು ನೀಗಿದನು. ಮೇಲ್ಮೈಯನ್ನು ಹದಗೊಳಿಸಿದರೆ ಕೋಶದ ಶಕ್ತಿ ಹೆಚ್ಚುವುದೆಂಬ ಈ ತತ್ತ್ವವನ್ನು ಹಿಡಿದು ವಿಜ್ಞಾನಿಗಳು ಇಂದಿಗೂ ಶ್ರಮಿಸುತ್ತಿದ್ದಾರೆ.

ಗ್ಯಾಲ್ವನಿಯ ಮಾತೂ ಸಂಪೂರ್ಣ ಸುಳ್ಳಾಗಲಿಲ್ಲ. ನಮ್ಮ ನರಗಳಲ್ಲಿ ವಿದ್ಯುತ್ ಸಂಕೇತಗಳು ಹರಿಯುವುದು ಮುಂದೆ ದೃಢಪಟ್ಟಿತು.

ವೋಲ್ಟಾ 1827ರ ಮಾರ್ಚ್ 5ರಂದು ಹುಟ್ಟೂರಿನಲ್ಲಿಯೇ ನಿಧನನಾದನು. 1881ರಲ್ಲಿ ವಿಜ್ಞಾನಿಗಳು ವಿದ್ಯುತ್ತಿನ ಒತ್ತಡದ ಮಾನಕ್ಕೆ ವೋಲ್ಟ್ ಎಂಬ ಹೆಸರನ್ನು ಅಂಗೀಕರಿಸಿದರು. ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಟ್ಟ ಕಬ್ಬಿಣದ ತಗಡನ್ನು ಗ್ಯಾಲ್ವನೈಸ್ ಮಾಡಿದ ತಗಡೆಂದು ಕರೆಯುತ್ತೇವೆ. ಹೀಗೆ ವಾದದಲ್ಲಿ ಎದುರಾಳಿಗಳಾಗಿದ್ದವರಿಬ್ಬರೂ ಜನರ ನಾಲಗೆಯ ಮೇಲೆ ಒಟ್ಟಿಗೆ ಉಳಿದಿದ್ದಾರೆ. ಹಿರಿಯರ ಮಾತನ್ನೂ ಪ್ರಯೋಗದ ಒರೆಗೆ ಹಚ್ಚಬೇಕು, ಒರೆಗೆ ಹಚ್ಚುವಾಗಲೂ ಅವರನ್ನು ಗೌರವಿಸಬೇಕು ಎಂಬುದಕ್ಕೆ ವೋಲ್ಟಾನ ಬಾಳು ನಿದರ್ಶನವಾಗಿದೆ.